ಬಾಲ್ಕನಿಗೆ ಗಡೀಪಾರಾದ ಕೋಟೆ

ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಕನ್ನಡಿಗರ ಪೈಕಿ ಸ್ಕಾಟ್ಲೆಂಡಿಗೆ ಹೋಗಿ, ವಿಸ್ಕಿ ಬಿಟ್ಟು ಕೋಟೆಯನ್ನು ತಲೆಯಲ್ಲಿ ಹೊತ್ತು ತಂದವನು ಶ್ರೀಪಾದ ಒಬ್ಬನೇ. ಹಗಲು ಸಾಫ್ಟ್‌ವೇರ್ ದುರಸ್ತಿ. ಉಳಿದ ಹೊತ್ತೆಲ್ಲ ಅಲ್ಲಿ ಕಡಲಬಂಡೆಯ ಮೇಲೆ ಕಂಡ ಪಾಳುಕೋಟೆಯನ್ನು ಜೇಡಿಮಣ್ಣಿನಲ್ಲಿ ಮಾಡುವುದು. ಎರಡು ವರ್ಷ ಹಿಡಿಯಿತು. ಅಸಲಿ ಕೋಟೆಗೆ ಮೂರು ಕಡೆ ಸಮುದ್ರ, ಒಂದು ಕಡೆ ಕಂದಕ, ನಾಲ್ಕಂತಸ್ತಿನ ಗೋಪುರ, ಒಂಬತ್ತಡಿ ದಪ್ಪದ ಗೋಡೆಯೊಳಗೇ ಸುತ್ತಿಕೊಂಡು ಏರುವ ಮೆಟ್ಟಿಲು. ಕಂದಕದ ಕಡೆಯ ಗೋಡೆಯನ್ನು ಫಿರಂಗಿ ಕೆಡವಿತ್ತು, ಕಡಲ ಕಡೆಯದನ್ನು ಉಪ್ಪುಗಾಳಿ ತಿಂದಿತ್ತು, ಬಿದ್ದ ಕಲ್ಲನ್ನು ಊರವರು ದನದ ಕೊಟ್ಟಿಗೆಗೆ ಹೊತ್ತಿದ್ದರು. ಇದನ್ನೆಲ್ಲ ಅವನು ಗೆಳೆಯನಾದ ನನಗೆ ನಲವತ್ತು ಸಲ ಹೇಳಿದ್ದಾನೆ. ನಾನು ಕೇಳಿದವನಂತೆ ತಲೆಯಾಡಿಸಿ ಅವನ ಕಾಫಿ ಕುಡಿದಿದ್ದೇನೆ.

ಈ ನವರಾತ್ರಿಗೆ ಅವನ ಹೆಂಡತಿ ಗಾನವಿ ಬೊಂಬೆ ಕೂರಿಸಿದಳು. ಶನಿವಾರ ಅವನ ಕೋಟೆಪ್ರೇಮಿಗಳ ಸಂಘದ ಡಚ್ಚರು ಬರುವವರಿದ್ದರು. ಅವರೆದುರು ಮಾನ ಉಳಿಯಬೇಕಿತ್ತು. ಶ್ರೀಪಾದ ಕೋಟೆಯನ್ನು ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿಟ್ಟ. ಮೂರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ಅತ್ತೆ ಇಂದಿರಮ್ಮ ಕನ್ನಡಕ ಏರಿಸಿದರು.

"ಒಡೆದ ಬೊಂಬೆ ಇಡಬಾರದು, ಅಳಿಯಂದ್ರೇ. ಮನೆಗೆ ಒಳ್ಳೇದಲ್ಲ."

"ಒಡೆದಿಲ್ಲ ಅತ್ತೆ, ಅದು ಇರೋದೇ ಹಾಗೆ."

"ಮಾಡಕ್ಕೆ ಬರದೇ ಇರೋರೆಲ್ಲ ಹೀಗೇ ಹೇಳೋದು."

ಮರುದಿನ ಶ್ರೀಪಾದ ಆಫೀಸಿನಿಂದ ಬಂದು ನೋಡಿದರೆ ಬಿರುಕಿಗೆಲ್ಲ ಚಪಾತಿ ಹಿಟ್ಟು ಮೆತ್ತಿ, ಗೋಪುರಕ್ಕೆ ರಟ್ಟಿನ ಸೂರು ಹೊದಿಸಿ, ಮೇಲೊಂದು ಪುಟ್ಟ ಕಳಶ!

"ನಾನೂರು ವರ್ಷದಿಂದ ಯಾರೂ ರಿಪೇರಿ ಮಾಡಿರ್ಲಿಲ್ಲ. ನಿಮಗ್ಯಾಕೆ ಬೇಕಿತ್ತು?"

"ಅವರು ಸೋಮಾರಿಗಳು ಅಂತ ನಾನೂ ಸುಮ್ನಿರ್ಬೇಕಾ?"

ಅತ್ತೆ ಬೇಡವೆಂದರೂ ಕೇಳದೆ ಅವನು ಹಲ್ಲು ಕಚ್ಚಿ ಚಾಕುವಿನಲ್ಲಿ ಹಿಟ್ಟು ಕೆರೆದ. ಬೆಳಗ್ಗೆ ಅವನು ಸೈಕಲ್ ಹತ್ತಿದ್ದೇ ತಡ, ಅತ್ತೆ ಕೋಟೆಯನ್ನು ಬಾಲ್ಕನಿಗೆ ಗಡೀಪಾರು ಮಾಡಿದರು. ದಿನವಿಡೀ ಮಳೆ. ಸಂಜೆ ಒಳಗೆ ತಂದಾಗ ಕಡಲ ಕಡೆಯ ಗೋಡೆ ಕರಗಿ, ತೂತು ತೂತಾಗಿತ್ತು. ಆಮೇಲೆ ಉಪ್ಪು ಬೇಕೆಂದರೂ ಇಬ್ಬರಿಗೂ ನಡುವೆ ಗಾನವಿಯೇ ಬೇಕಾಯಿತು. ನನ್ನನ್ನು ನ್ಯಾಯಕ್ಕೆ ಕರೆದರು. ಇಬ್ಬರದೂ ಸರಿ ಅಂದೆ, ಇಬ್ಬರಿಂದಲೂ ಬೈಸಿಕೊಂಡೆ.

ಶನಿವಾರ ಕೋಟೆಗೆ ಟೀಪಾಯಿಯೇ ಗತಿಯಾಯಿತು. ಸಂಘದ ಹಿರಿಯ ಡಚ್ಚಜ್ಜ ಬಗ್ಗಿ, ಕರಗಿದ ಗೋಡೆಯ ಮೇಲೆ ಬೆರಳಾಡಿಸಿದ. ಉಪ್ಪುಗಾಳಿ ತಿಂದ ಕಲ್ಲು ಥೇಟ್ ಹೀಗೇ ಇರುತ್ತದೆ, ಇಡೀ ಕೋಟೆಯಲ್ಲಿ ನಿಜವಾದದ್ದು ಇದೊಂದೇ, ಹೇಗೆ ಮಾಡಿದಿರಿ ಎಂದು ಡಚ್ಚಿನಲ್ಲಿ ಕೇಳಿದ.

ಅಡುಗೆಮನೆ ಬಾಗಿಲಿನಿಂದ ಅತ್ತೆ, "ಏನಂತೆ?" ಎಂದರು.

ಮೂರು ದಿನಗಳಲ್ಲಿ ಮೊದಲ ಸಲ ಶ್ರೀಪಾದ ಅವರಿಗೆ ನೇರವಾಗಿ ಉತ್ತರಿಸಿದ. "ಆ ಗೋಡೆ ಪೂರ್ತಿ ಹಾಳಾಗಿದೆಯಂತೆ ಅತ್ತೆ."

"ಹಿಟ್ಟು ಕೆರೀಬೇಡಿ ಅಂದ್ರೆ ಕೇಳಿದ್ರಾ?"

ಡಚ್ ಬಲ್ಲ ನಾನು ಕಡಲೆಕಾಳು ಉಸಲಿಯ ತಟ್ಟೆಯಿಂದ ತಲೆ ಎತ್ತಲೇ ಇಲ್ಲ.