ಕೃಷ್ಣಕ್ಕ ಓಣಿಗೆ ಬಿಟ್ಟ ಮೊದಲ ಮಳೆ

ಕಟಕೋಳದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಕೃಷ್ಣಕ್ಕನದು. ಒಂದು ತಂಬಿಗೆ ನೀರು ಚೆಲ್ಲಿದರೂ ಓಣಿ ಕೇಳುವಂತೆ ಬೈಯುವ ಹೆಂಗಸು. ಅವಳ ಸ್ಲ್ಯಾಬಿನ ಮೇಲೆ ಬಿದ್ದ ಮಳೆಯೆಲ್ಲ ಪೈಪಿನಲ್ಲಿ ಹಿತ್ತಲ ಟಾಕಿಗೆ ಇಳಿಯುತ್ತದೆ. ಆ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆಂದು ಸಾರಿದವಳೂ ಅವಳೇ. ಹಬ್ಬಕ್ಕೊಂದು ಕೊಡ ನಾನೂ ಇಸಿದುಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದರಲ್ಲೂ ಮೊದಲ ಮಳೆಯ ನೀರೆಂದರೆ ಅವಳಿಗೆ ಲಕ್ಷ್ಮಿ. ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಗಟಾರಕ್ಕೆ ಬಿಡುತ್ತಾರೆಯೇ? ಅದೇ ಸ್ಲ್ಯಾಬಿನ ಮೇಲೆ ಬೇಸಿಗೆಯೆಲ್ಲ ಶೇಂಗಾ ಒಣಗುತ್ತಿತ್ತು. ಬೇವಿನ ಟೊಂಗೆ ಹಿಡಿದು ಇಳಿದ ಇಲಿಗಳು ಅಲ್ಲಿ ಸಂತೆ ನಡೆಸುತ್ತಿದ್ದವು. ಲಕ್ಷ್ಮಿಯ ಜೊತೆ ಅವುಗಳ ಉಚ್ಚೆ, ಹಿಕ್ಕೆಯೂ ಟಾಕಿ ಸೇರುತ್ತಿತ್ತು.

ಹೋದ ವರ್ಷ ಟಾಕಿಯ ಕೆಸರು ತೆಗೆಯಲು ಗಂಡ ಲಕ್ಕಪ್ಪಣ್ಣ ಒಡೆದ ಹಿಮ್ಮಡಿಯಲ್ಲೇ ಇಳಿದ. ಹತ್ತು ದಿನದೊಳಗೆ ಮೈ ಸುಡುವ ಜ್ವರ, ಕೆಂಪು ಕಣ್ಣು, ಮೀನಖಂಡ ಹಿಡಿದು ಅಳುವಷ್ಟು ನೋವು. ಇಲಿ ಜ್ವರ, ಇಲಿ ಉಚ್ಚೆ ಬೆರೆತ ನೀರು ಹಿಮ್ಮಡಿಯ ಬಿರುಕಿನಿಂದ ಮೈ ಹೊಕ್ಕಿದೆ ಎಂದರು ಡಾಕ್ಟರು. ದವಾಖಾನೆಯಲ್ಲಿ ಅವನ ಕಾಲ ಬಳಿ ಕೂತ ಕೃಷ್ಣಕ್ಕ ಒಂದು ಮಾತೂ ಆಡಲಿಲ್ಲ. ಅವನ ಜ್ವರಕ್ಕಿಂತ ಅವಳು ಸುಮ್ಮನಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಅವನು ಗುಣವಾಗಿ ಮನೆಗೆ ಬಂದ, ಅವಳ ಬಾಯಿಯೂ ಮರಳಿತು. ಬೈದು ಬೈದು ಬೇವಿನ ಟೊಂಗೆ ಕಡಿಸಿದಳು, ಟಾಕಿಯ ಬಾಯಿಗೆ ಜಾಳಿಗೆ ಬಡಿಸಿದಳು, ಶೇಂಗಾವನ್ನು ಕೆಳಗಿನ ಅಂಗಳಕ್ಕೆ ಇಳಿಸಿದಳು.

ಈ ವರ್ಷದ ಮೊದಲ ಮಳೆ, ಮಿರಗದ ಮಳೆ, ಒಂದು ಮಧ್ಯಾಹ್ನ ಧೋ ಎಂದು ಹೊಡೆಯಿತು. ಟಾಕಿಯಲ್ಲಿ ಒಂದು ಕೊಡವೂ ನೀರಿರಲಿಲ್ಲ. ಕೃಷ್ಣಕ್ಕ ಸೆರಗು ಸೊಂಟಕ್ಕೆ ಸಿಗಿಸಿ, ಪೈಪನ್ನು ಟಾಕಿಯಿಂದ ತಪ್ಪಿಸಿ, ಓಣಿಯ ಕಡೆಗೆ ತಿರುಗಿಸಿ ಹಿಡಿದು ನಿಂತಳು. ಧೂಳು, ಕಸ ಹೊತ್ತ ಕೆಂಪು ನೀರು ಗಟಾರಕ್ಕೆ ಹರಿಯಿತು.

ಲಕ್ಕಪ್ಪಣ್ಣನಿಗೆ ನೋಡಲಾಗಲಿಲ್ಲ. “ಸಾಕ ಬಿಡ, ಟಾಕಿಗೆ ತಿರಗಸ! ಮತ್ತ ಮಳಿ ಬರ್ಲಿಲ್ಲಂದ್ರ ಏನ್ ಮಾಡ್ತಿ?”

“ನಳದಿಂದ ಕೊಡ ಹೊರತೇನಿ,” ಎಂದು ಅವಳೂ ಕೂಗಿದಳು. “ನೀರ ಹ್ವಾದ್ರ ಮತ್ತ ಬರತೈತಿ. ನೀವ ಹ್ವಾದ್ರ ಎಲ್ಲಿಂದ ತರ್ಲಿ?”

ಅವನು ಗೋಣಿಚೀಲ ತಂದು ಅವಳ ತಲೆಗೆ ಹೊದಿಸಿ ತಾನೂ ಪೈಪಿಗೆ ಕೈ ಹಚ್ಚಿದ.

ಸ್ಲ್ಯಾಬು ತೊಳೆದು ಮುಗಿಯುವಷ್ಟರಲ್ಲಿ ಮಳೆಯೂ ನಿಂತಿತು. ಟಾಕಿಗೆ ಒಂದು ಹನಿಯೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಒಂದೊಂದು ಕೊಡ ಹಿಡಿದು, ತಪ್ಪು ಯಾರದೆಂದು ಜಗಳಾಡುತ್ತ, ನಳದ ಕಡೆ ನಡೆದರು.