ಏಳು ನಲವತ್ತೆರಡರ ಸಿಗ್ನಲ್

ಬೆಳಿಗ್ಗೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ಈರಣ್ಣ ಅಂಕಲ್‌ಗೆ ರಸ್ತೆ ದಾಟಬಹುದೆನ್ನುವ ಬಿಳಿ ದೀಪದ ಸಿಗ್ನಲ್ ಇತ್ತು. ನಾನು ನೋಡಿದ್ದೆ. ನೋಡಿಲ್ಲ ಎಂದು ಪೊಲೀಸರಿಗೆ ಹೇಳಿದೆ.

ಫೋರ್ಟ್ ಲೀಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದವರು. ಅಂಕಲ್ ಧಾರವಾಡದಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಇಲ್ಲಿ ಮಗಳು ಶೈಲಾಳ ಜೊತೆಗಿದ್ದರು. ನನ್ನ ಅಮೆರಿಕನ್ ಪೌರತ್ವದ ಸಂದರ್ಶನ ಹತ್ತಿರವಾದಾಗ, ನಾನು ಮ್ಯಾನ್‌ಹಟನ್ ಬಸ್ಸಿಗೆ ಕಾಯುವ ಹೊತ್ತಿನಲ್ಲಿ, ಪ್ರಶ್ನೆಗಳ ಕಾರ್ಡು ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಸ್ವಾತಂತ್ರ್ಯ ಘೋಷಣೆ ಬರೆದವರು ಯಾರು? ನಾನು ತಡವರಿಸಿದರೆ, "ಜೆಫರ್ಸನ್ ಏನ ನಿನ್ನ ಗಂಡೇನವಾ, ಹೆಸರ ಹೇಳಾಕ ಇಷ್ಟ ನಾಚಕೋತಿ?"

ಇನ್ನೊಂದು ದಿನ, ಸಂವಿಧಾನಕ್ಕೆ ಹಕ್ಕುಗಳನ್ನು ಸೇರಿಸಿದ ಮ್ಯಾಡಿಸನ್ ಪಾಠ. "ಆರೋಪ ಬಂದವಗ ಸಾಕ್ಷಿ ಕರಸೋ ಹಕ್ಕ ಬರದಿಟ್ಟಾನ ನೋಡವಾ. ಸಾಕ್ಷಿನೇ ಬಾಯಿ ಬಿಡಲಿಲ್ಲಂದ್ರ? ಅದು ಕಾರ್ಡಿನ್ಯಾಗ ಇಲ್ಲ."

ಏಳು ನಲವತ್ತೆರಡರ ಆ ಬೆಳಿಗ್ಗೆ ಕಾರ್ಡುಗಳನ್ನು ನನ್ನ ಕೈಗಿಟ್ಟು, ಎದುರಿನ ಅಂಗಡಿಯಿಂದ ಹಾಲು ತರಲು ಹೊರಟರು. ಸಿಗ್ನಲ್ ನೋಡಿದರು. ನಾನೂ ನೋಡಿದೆ. ಬಲಕ್ಕೆ ತಿರುಗಿದ ಬೂದು ಬಣ್ಣದ ಕಾರು — ಆ ಸದ್ದು... ಕಾರ್ಡುಗಳು ನನ್ನ ಕೈಯಲ್ಲೇ ಇದ್ದವು. ಒಂದೂ ಕೆಳಗೆ ಬೀಳಲಿಲ್ಲ.

ಮುದುಕ ಕೆಂಪು ದೀಪವಿದ್ದಾಗಲೇ ನುಗ್ಗಿದ ಎಂದು ಕಾರಿನವನು ಹೇಳಿದ. ಕಾಲು ಮುರಿದು ಬಿದ್ದಿದ್ದ ಅಂಕಲ್ ನನ್ನತ್ತ ಕೈ ಚಾಚಿ, "ಹೇಳವಾ..." ಎಂದರು. ಪೊಲೀಸ್ ಅಧಿಕಾರಿ ನನ್ನ ಕಡೆ ತಿರುಗಿದ.

"ಸಾರಿ, ಐ ವಾಸ್ ಲುಕಿಂಗ್ ಅಟ್ ಮೈ ಫೋನ್."

ಸಂದರ್ಶನಕ್ಕೆ ಒಂಬತ್ತು ದಿನವಿತ್ತು. ಪೊಲೀಸ್ ರಿಪೋರ್ಟಿನಲ್ಲಿ ಹೆಸರು ಬಂದರೆ ಪೌರತ್ವ ಕೈತಪ್ಪುತ್ತದೇನೋ — ಹಾಗಂದುಕೊಂಡೆ. ಅರ್ಜಿಯಲ್ಲಿ ಕೇಳಿದ್ದು ಬಂಧನದ ಬಗ್ಗೆ, ಸಾಕ್ಷಿ ಹೇಳಿದ್ದರ ಬಗ್ಗೆ ಅಲ್ಲ. ಅದನ್ನು ತುಂಬಿದವಳು ನಾನೇ. ಓದಿದ್ದೆ.

ಸಂದರ್ಶನದಲ್ಲಿ ಬಲಗೈ ಎತ್ತಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದೆ. ಕಾನೂನಿನ ಆಳ್ವಿಕೆ ಎಂದರೇನು ಎಂದು ಕೇಳಿದರು. ಯಾರೂ ಕಾನೂನಿಗಿಂತ ಮೇಲಲ್ಲ — ತಡವರಿಸಲೇ ಇಲ್ಲ. ಪಾಸಾದೆ.

ಸಿಹಿ ಹಂಚಲು ಹೋದಾಗ ಶೈಲಾ ಗದರುತ್ತಿದ್ದಳು: "ಎಷ್ಟ ಸಲ ಹೇಳೀನಿ ಅಪ್ಪಾ, ಸಿಗ್ನಲ್ ನೋಡಿ ದಾಟು ಅಂತ!" ಅಂಕಲ್ ನನ್ನ ಮುಖ ನೋಡಿದರು. ನಾನು ಡಬ್ಬಿಯ ಮುಚ್ಚಳ ತೆಗೆದೆ. "ಇರಬೇಕವಾ," ಎಂದರು ಮೆಲ್ಲಗೆ. "ನಂದ ತಲಿ ಕೈ ಕೊಟ್ಟಿರಬೇಕು."

ಕಾಲು ಕೂಡಿತು. ಆದರೆ ಅವರು ತಮ್ಮ ಕಣ್ಣನ್ನು ನಂಬುವುದನ್ನೇ ಬಿಟ್ಟರು. ಒಲೆ ಆರಿಸಿದೆನೋ, ಬಾಗಿಲು ಹಾಕಿದೆನೋ ಎಂದು ರಾತ್ರಿಯೆಲ್ಲ ಎದ್ದೆದ್ದು ನೋಡುತ್ತಾರೆ ಎಂದಳು ಶೈಲಾ. ಮರೆವಿನ ಕಾಯಿಲೆ ಇರಬಹುದೆಂದು ಡಾಕ್ಟರಿಗೂ ತೋರಿಸಿದಳು. ಎರಡು ವರ್ಷ — ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಹೋದ ವಾರ ಲಿಫ್ಟಿನಲ್ಲಿ ಸಿಕ್ಕರು. ಬಟನ್ ಒತ್ತಿ, ಬೆರಳು ತೆಗೆಯದೆ ನಿಂತರು. "ಇದ ನಮ್ಮ ಮಾಳಿಗಿ ಹೌದಿಲ್ಲೋ? ನನಗ ಖಾತ್ರಿ ಇಲ್ಲವಾ. ನೀ ನೋಡಿ ಹೇಳು."

ಭಾನುವಾರ ಹೋಗಿ, ಶೈಲಾಳ ಎದುರೇ ನಿಜ ಹೇಳಿದೆ. ಅವಳು ಹೊರಗೆ ಹೋಗೆಂದು ಬಾಗಿಲು ತೋರಿಸಿದಳು. ಅಂಕಲ್ ಮಾತ್ರ ಕೇಳಿದರು, "ಬಿಳಿ ದೀಪ ಇತ್ತಲ್ಲ?"

"ಇತ್ತು ಅಂಕಲ್."

"ನಾ ನೋಡಿದ್ದೆ?"

"ನೋಡಿದ್ರಿ."

ಮತ್ತೆ ಕೇಳಿದರು. ಮತ್ತೆ ಹೇಳಿದೆ.

ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ಮಂಗಳವಾರ ಬೆಳಿಗ್ಗೆ ಶೈಲಾಳಿಂದ ಫೋನಿಗೆ ಒಂದೇ ಸಾಲು ಬಂದಿತ್ತು: ರಾತ್ರಿ ಅಪ್ಪ ಒಲೆ ನೋಡಲು ಒಂದು ಸಲವೂ ಏಳಲಿಲ್ಲ.