ಶಂಕ್ರೆವ್ವ ಎಳೆಯುವ ಗೆರೆ

ಸೋಮವಾರ ಬೆಳಿಗ್ಗೆ ಆರೂಕಾಲು. ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು, ಬಾಗಿಲಿಗೆ ಫಲಕವಿಲ್ಲ. ಒಳಗೆ ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತೆಲಿಯಲ್ಲಿ ನೀರು ಕುದಿಯುತ್ತಿದೆ. ಐವತ್ತೇಳು ವಯಸ್ಸಿನ ಶಂಕ್ರೆವ್ವ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಕೈಗವಸು ಹಾಕಿಕೊಂಡು, ಬೆಂಚಿನ ಮೇಲೆ ಕೂತವನ ಎಡಗೈಯ ಬ್ಯಾಂಡೇಜು ಬಿಚ್ಚುತ್ತಾರೆ. ಬಿಚ್ಚಿದ ಬಟ್ಟೆಯನ್ನು ಬಿಸಾಡುವ ಮೊದಲು ಮೂಗಿನ ಹತ್ತಿರ ಹಿಡಿಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದಿರುವ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ, ಅದು ಅವರಿಗೆ ಕಾಣುತ್ತದೆ.

“ಹೊಲಸ ನಾರತೈತ್ರಿ, ಸರಿಯವರ ಎಲ್ಲಾರೂ. ಆದ್ರ ಒಳಗ ಏನ್ ನಡದೈತಿ ಅಂತ ನನಗ ಈ ನಾತಾನ ಹೇಳಬೇಕು” ಎನ್ನುತ್ತಾರೆ.

ಬೆಂಚಿನ ಮೇಲಿರುವವನು ಬಸಂತರಾಯ. ವಯಸ್ಸು ಇಪ್ಪತ್ತೊಂಬತ್ತು, ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಮನೆಯಲ್ಲಿ ಹೊಲವಿದೆ, ಊರಲ್ಲಿ ಹೆಸರಿದೆ. ಮುಂಗೈಯಲ್ಲಿ ನಿಂಬೆಹಣ್ಣು ಕೂರುವಷ್ಟು ದೊಡ್ಡ ಗುಂಡಿ ಬಿದ್ದಿದೆ, ಸುತ್ತ ಚರ್ಮ ಕೆಂಪಾಗಿ ಬಿಗಿದಿದೆ. ಕಬ್ಬು ಅರೆಯುವ ಕಾಲದಲ್ಲಿ ಹಗಲಿರುಳು ಸ್ಟೇರಿಂಗ್ ಹಿಡಿದು ಸೊಂಟ ಹಿಡಿಯಿತು, ಪರಿಚಯದವರೊಬ್ಬರು ಒಂದು ಇಂಜೆಕ್ಷನ್ ಕೊಟ್ಟರು. “ನೋವಿಗಂತ ಒಂದ ಸಲ ತಗೊಂಡೆ ಸರ್. ಆಮ್ಯಾಲ ನೋವು ಇಲ್ಲದಿದ್ರೂ ಬೇಕಾಗಾಕ ಹತ್ತಿತು” ಎನ್ನುತ್ತಾನೆ. ಎರಡು ವರ್ಷವಾಯಿತು. ಈಗ ತಾನೇ ಚುಚ್ಚಿಕೊಳ್ಳುತ್ತಾನೆ.

ಗಾಯ ತೊಳೆದು ಮುಗಿದ ಮೇಲೆ ಶಂಕ್ರೆವ್ವ ನೀಲಿ ಪೆನ್ನು ತೆಗೆದು, ಕೆಂಪು ಎಲ್ಲಿ ನಿಂತಿದೆಯೋ ಅದರ ಅಂಚಿನಗುಂಟ ಗೆರೆ ಎಳೆಯುತ್ತಾರೆ. ವಿಜಯಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ಗಾಯ ಕಟ್ಟುವ ಕೆಲಸ ಮಾಡುವಾಗ ಕಲಿತದ್ದು. ಕೆಂಪು ಗೆರೆಯ ಒಳಗೇ ಇದ್ದರೆ ಔಷಧ ಕೆಲಸ ಮಾಡುತ್ತಿದೆ. ಗೆರೆ ದಾಟಿತೆಂದರೆ ನಂಜು ಓಡುತ್ತಿದೆ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

“ದಾಟಿದ್ರ ವಿಜಾಪುರಕ್ಕ ಹೋಗಿ ಅಡ್ಮಿಟ್ ಆಗೂದ. ಇಲ್ಲಂದ್ರ ನಿಮ್ಮಪ್ಪಗ ಫೋನ್ ಹಚ್ಚತೇನಿ” ಎಂದು ಗದರುತ್ತಾರೆ. “ಕೈ ಹೋದ ಮ್ಯಾಲ ಸ್ಟೇರಿಂಗ್ ಏನ್ ಹಲ್ಲಿಲೆ ಹಿಡೀತಿಯೇನು?”

ಸಾಲಿನಲ್ಲಿದ್ದವರು ನಗುತ್ತಾರೆ. ನಾನೂ ನಗುತ್ತೇನೆ. ಬಸಂತರಾಯ ನಗುವುದಿಲ್ಲ, ಅಂಗಿಯ ತೋಳು ಇಳಿಸಿಕೊಂಡು ಹೋಗುತ್ತಾನೆ.

ಈ ಶೆಡ್ಡಿಗೆ ದಿನಕ್ಕೆ ಹದಿನೈದು ಮಂದಿ ಬರುತ್ತಾರೆ. ಅರ್ಧದಷ್ಟು ಸಕ್ಕರೆ ಕಾಯಿಲೆಯ ಮುದುಕರು, ಉಳಿದವರು ನಶೆಯ ಸೂಜಿಯವರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದಲೂ ಮೊದಲ ಬಸ್ಸು ಹಿಡಿದು ಬರುತ್ತಾರೆ. ಅಲ್ಲಿ ದವಾಖಾನೆಗಳಿಲ್ಲವೆಂದಲ್ಲ, ಅಲ್ಲಿ ಗುರುತಿನವರಿದ್ದಾರೆ. ತೋಳು ಕೊಳೆತರೂ ಅಡ್ಡಿಯಿಲ್ಲ, ಓಣಿಯವರಿಗೆ ಗೊತ್ತಾಗಬಾರದು! ಈ ಮರ್ಯಾದೆಯ ಬಾಯಿಗೆ ಇನ್ನೆಷ್ಟು ಹರೆಯದವರನ್ನು ಹಾಕುತ್ತೇವೋ, ನನಗಂತೂ ತಿಳಿಯದು.

ಸೋಮವಾರ ಮತ್ತು ಗುರುವಾರ ವಿಜಯಪುರದಿಂದ ಚರ್ಮರೋಗ ವೈದ್ಯೆ ಡಾ. ವೃಂದಾ ಇಲ್ಲಿಗೆ ಬರುತ್ತಾರೆ. ಕೀವು ಕೊಯ್ದು ತೆಗೆಯುವುದು, ಔಷಧ ಬರೆಯುವುದು ಅವರ ಕೆಲಸ. ನಶೆಗೂ ಹುಣ್ಣಿಗೂ ಏನು ಸಂಬಂಧ ಎಂದು ಕೇಳಿದೆ.

“ಬ್ಯಾಕ್ಟೀರಿಯಾ ನಮ್ಮ ನಿಮ್ಮ ಎಲ್ಲಾರ ಚರ್ಮದ ಮ್ಯಾಲೂ ಇರ್ತಾವ. ಹೊರಗ ಇರೋತನಕ ತಂಟೆ ಇಲ್ಲ. ಈ ಸೂಜಿ ಅವನ್ನ ಕರಕೊಂಡು ಹೋಗಿ ಒಳಗ ಬಿಡ್ತದ. ಅವನ್ನ ಕೊಲ್ಲಬೇಕಾದ ಬಿಳಿ ರಕ್ತಕಣಗಳು ಇವರ ಮೈಯಾಗ ಮೊದಲಿನಂಗ ಇರಂಗಿಲ್ಲ. ನಶಾದ ಮದ್ದು ಅವನ್ನ ಸೋಮಾರಿ ಮಾಡ್ತದ. ಊಟಿಲ್ಲ, ನಿದ್ದಿಲ್ಲ, ಮೈಗೆ ಶಕ್ತಿ ಎಲ್ಲಿಂದ ಬರಬೇಕು? ಎಲ್ಲಾಕ್ಕಿಂತ ಕೆಟ್ಟದ್ದು, ಆ ಮದ್ದು ನೋವನ್ನ ಮುಚ್ಚಿಬಿಡ್ತದ. ನಮಗ ಒಂದು ಗುಳ್ಳಿ ಎದ್ರ ಒದ್ದಾಡಿ ಡಾಕ್ಟರ್ ಕಡೆ ಓಡ್ತೀವಿ. ಇವರಿಗೆ ಎಲುಬು ಮುಟ್ಟಿದ್ರೂ ಗೊತ್ತಾಗಂಗಿಲ್ಲ.”

ಗೊತ್ತಾಗದೆ ಹೋದದ್ದು ಶಂಕ್ರೆವ್ವನ ಮನೆಯಲ್ಲೂ ಇದೆ. ಹನ್ನೊಂದು ವರ್ಷದ ಹಿಂದಿನ ಮಾತು. ಅವರ ತಮ್ಮ ಸಂಗಮೇಶ ಮದುವೆಗಳ ಫೋಟೊ ತೆಗೆಯುತ್ತಿದ್ದ. ಎರಡೂ ತೊಡೆಗೆ ಕುರು ಏಳತೊಡಗಿದವು. ನಮ್ಮ ಕಡೆ ಬೇಸಿಗೆಯಲ್ಲಿ ಯಾರಿಗೆ ಕುರು ಎದ್ದರೂ ಮಾತು ಒಂದೇ: ಮೈಯಲ್ಲಿ ಉಷ್ಣ ಹೆಚ್ಚಾಗಿದೆ. ಶಂಕ್ರೆವ್ವನೂ ಹಾಗೇ ಅಂದುಕೊಂಡರು. ನೆತ್ತಿಗೆ ಔಡಲೆಣ್ಣೆ ಹಚ್ಚಿದರು, ಮಜ್ಜಿಗೆ ಕುಡಿಸಿದರು, ಕುರುವಿಗೆ ಸುಣ್ಣ ಬೆಲ್ಲ ಕಲಸಿ ಬಳಿದರು. ಎಂಟು ತಿಂಗಳು ಹೀಗೇ ನಡೆಯಿತು.

“ಊರ ಮಂದಿ ಹುಣ್ಣ ತೊಳೆಯಾಕಿ ನಾನು. ಮನಿಗೆ ಬಂದು ತಮ್ಮನ ತೊಡಿ ನೋಡಿ ಉಷ್ಣ ಅಂದೆ” ಎಂದು ಶಂಕ್ರೆವ್ವ ಹತ್ತಿ ಹರಿಯುತ್ತಲೇ ಹೇಳುತ್ತಾರೆ. “ಕಡೀಕ ರಕ್ತಕ್ಕ ನಂಜಾತು. ಡಾಕ್ಟರು ತೊಡಿ ಮ್ಯಾಲ ಸೂಜಿ ಗುರ್ತು ತೋರಿಸಿದ್ರು. ನಾ ದಿನಾ ಅದರ ಮ್ಯಾಲ ಸುಣ್ಣ ಬಳದಿದ್ದೆ.”

ಸಂಗಮೇಶ ಮೂರನೆಯ ದಿನ ತೀರಿಕೊಂಡ. ಶಂಕ್ರೆವ್ವ ಆಸ್ಪತ್ರೆಯ ಕೆಲಸ ಬಿಟ್ಟು ಊರಿಗೆ ಬಂದು ಈ ಶೆಡ್ಡು ಹಾಕಿದರು. ಇಷ್ಟು ವರ್ಷದಲ್ಲಿ ನಶೆ ಪೂರ್ತಿ ಬಿಟ್ಟವರು ಎಷ್ಟು ಮಂದಿ ಎಂದು ಕೇಳಿದರೆ ಬೆರಳು ಮಡಚುತ್ತಾರೆ, ಮೂರಕ್ಕೆ ನಿಲ್ಲುತ್ತಾರೆ. ಸತ್ತವರ ಲೆಕ್ಕ ಕೇಳಬೇಡಿರೆಂದು ಕೈ ಆಡಿಸುತ್ತಾರೆ.

ಮಂಗಳವಾರ ಬಸಂತರಾಯ ಬರಲಿಲ್ಲ, ಫೋಟೊ ಕಳಿಸಿದ. ತೋಳಿನ ಮೇಲೆ ನೀಲಿ ಗೆರೆ, ಕೆಂಪು ಅದರ ಒಳಗೇ ಇದೆ. ‘ದಾಟಿಲ್ಲ ಅಕ್ಕಾ’ ಎಂದು ಕೆಳಗೆ ಬರೆದಿದ್ದ. ಬುಧವಾರವೂ ಇನ್ನೊಂದು ಫೋಟೊ ಬಂತು. ಶಂಕ್ರೆವ್ವ ಮೊಬೈಲನ್ನು ನನ್ನ ಮುಂದೆ ಹಿಡಿದು, “ನೋಡ್ರಿ, ಗುಳಿಗಿ ಹಿಡದಾವ” ಎಂದು ಖುಷಿಪಟ್ಟರು. ಆ ವಾರದಲ್ಲಿ ಅವರ ಮುಖ ಅರಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗುರುವಾರ ಬೆಳಿಗ್ಗೆ ಬಸಂತರಾಯನನ್ನು ಇಬ್ಬರು ಹಿಡಿದುಕೊಂಡು ಬರುತ್ತಾರೆ. ಮೈ ಕೆಂಡದಂತೆ ಸುಡುತ್ತಿದೆ, ಮಾತು ತೊದಲುತ್ತಿದೆ. ಶಂಕ್ರೆವ್ವ ಅಭ್ಯಾಸಬಲದಿಂದ ಮೂಗು ಹತ್ತಿರ ತಂದವರು ಥಟ್ಟನೆ ನಿಲ್ಲುತ್ತಾರೆ. ಕೀವಿನ ವಾಸನೆಯ ಜೊತೆಗೆ ಡೀಸೆಲ್ ವಾಸನೆ. ಮುಂಗೈಯಲ್ಲಿ ತಾವು ಎಳೆದ ಗೆರೆ ಇದ್ದ ಕಡೆ ಚರ್ಮ ತಿಕ್ಕಿ ತರಚಿದೆ. ಹೊಸ ಗೆರೆ ಮೊಣಕೈಗಿಂತ ಮೇಲಕ್ಕಿದೆ.

ಕೆಂಪು ಮುಂದೆ ಸರಿದಂತೆಲ್ಲ ಅವನು ಗೆರೆಯನ್ನು ಡೀಸೆಲ್ ಹಾಕಿ ಒರೆಸಿದ್ದಾನೆ, ಇನ್ನೂ ಮೇಲೆ ತಾನೇ ಎಳೆದುಕೊಂಡು ಫೋಟೊ ತೆಗೆದು ಕಳಿಸಿದ್ದಾನೆ. ಹತ್ತಿರದಿಂದ ತೆಗೆದ ಫೋಟೊದಲ್ಲಿ ಅದು ತೋಳಿನ ಯಾವ ಭಾಗ ಎಂದು ತಿಳಿಯುವುದಾದರೂ ಹೇಗೆ?

“ಯಾಕ ಹಿಂಗ ಮಾಡಿದ್ಯೋ ತಮ್ಮಾ?”

“ಅಪ್ಪಗ ಹೇಳ್ತೀನಿ ಅಂದ್ಯಲ್ಲ ಅಕ್ಕಾ” ಎನ್ನುತ್ತಾನೆ. “ಅಡ್ಮಿಟ್ ಆದ್ರ ಊರಿಗೆಲ್ಲಾ ಗೊತ್ತಾಗ್ತಿತ್ತು.”

ಡಾ. ವೃಂದಾ ಅವರೇ ಆಂಬ್ಯುಲೆನ್ಸಿಗೆ ಫೋನು ಮಾಡುತ್ತಾರೆ, ತಾವೂ ಜೊತೆಗೆ ಹೋಗುತ್ತಾರೆ. ಶಂಕ್ರೆವ್ವ ಹೋಗುವುದಿಲ್ಲ. ಸಾಲಿನಲ್ಲಿ ಇನ್ನೂ ಹನ್ನೊಂದು ಮಂದಿ ಇದ್ದಾರೆ. ಕೈಗವಸು ಬದಲಿಸಿ ಮುಂದಿನವರ ಬ್ಯಾಂಡೇಜು ಬಿಚ್ಚುತ್ತಾರೆ. ಅಂದು ಅವರು ಯಾರನ್ನೂ ಗದರುವುದಿಲ್ಲ.

ಶನಿವಾರ ಬಸಂತರಾಯನ ಎಡಗೈಯನ್ನು ಭುಜದ ಹತ್ತಿರ ತೆಗೆದರು. ನಂಜು ರಕ್ತಕ್ಕೆ ಇಳಿದಿದೆ, ಇನ್ನೂ ಎಚ್ಚರವಾಗಿಲ್ಲ. ಅಪ್ಪ ಆಸ್ಪತ್ರೆಯ ವರಾಂಡದಲ್ಲಿ ಕೂತು, ಕೇಳಿದವರಿಗೆಲ್ಲ ಟ್ರ್ಯಾಕ್ಟರ್ ಮಗುಚಿತೆಂದು ಹೇಳುತ್ತಿದ್ದಾರಂತೆ. ಈ ಸುದ್ದಿ ತಿಳಿಸಿದವರು ಡಾ. ವೃಂದಾ.

ಭಾನುವಾರ ನಾನು ಹೊರಡುವ ಮುನ್ನ ಶೆಡ್ಡಿಗೆ ಹೋದಾಗ ಶಂಕ್ರೆವ್ವ ಕುದಿಸಿದ ಇಕ್ಕಳಗಳನ್ನು ಬಟ್ಟೆಯ ಮೇಲೆ ಹರಡುತ್ತಿದ್ದಾರೆ. ಇಂಥ ಬರಹಗಳಲ್ಲಿ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ, ಕೇಳುವಾಗ ನಾಚಿಕೆಯಾಗುತ್ತದೆ: ಮುಂದೆ ಏನಾಗಬೇಕೆಂದು ನಿಮ್ಮ ಆಸೆ?

ಉಳಿದ ಇಕ್ಕಳಗಳನ್ನೂ ಹರಡಿ ಮುಗಿಸುತ್ತಾರೆ.

“ಅಂವ ಬದುಕಬೇಕ್ರಿ. ಕೈ ತಗದ ಜಾಗಾದ ಗಾಯ ಮಾಯಾಕ ಎರಡ ತಿಂಗಳರ ಬೇಕು, ದಿನಾ ಕಟ್ಟಬೇಕಾಗ್ತೈತಿ. ಅದಕ್ಕ ನನ್ನ ಹಂತೇಕನ ಬರಲಿ. ಅವರಪ್ಪ ಟ್ರ್ಯಾಕ್ಟರ್ ಮಗಚೇತಿ ಅಂದ್ರ, ನಾನೂ ಹೌದ್ರಿ ಅಂತೇನಿ.”